ಮಿತಿ ಇದ್ದ ಮೇಲೆ ಅದು ‘ಅನ್‌ಲಿಮಿಟೆಡ್’ ಹೇಗಾಯ್ತು?

ಗೆಳೆಯರೇ, ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಬೇರೆಯವರನ್ನು ಬೈಯುತ್ತೇನೆ.

ನಾನು ಪಿಯುಸಿ ಮುಗಿಸಿ ಅಪ್ಪನ ಮುದ್ರಣಾಲಯಕ್ಕೆ ಬಂದು ಕೂತವನು. ಮೊಳೆ ಜೋಡಿಸುವುದರಿಂದ ಹಿಡಿದು ಇವತ್ತಿನ ಆಫ್‌ಸೆಟ್‌ವರೆಗೆ ಎಲ್ಲವನ್ನೂ ಕೈಯಾರೆ ಮಾಡಿದ್ದೇನೆ. ಮದುವೆ ಕರೆಯೋಲೆ, ವೈಕುಂಠ ಸಮಾರಾಧನೆ ಕಾರ್ಡು, ಬಿಲ್ ಬುಕ್ಕು, ರಾಜ್ಯೋತ್ಸವದ ಭಿತ್ತಿಪತ್ರ... ನನ್ನ ಯಂತ್ರದ ಅಡಿಯಿಂದ ಹೋಗದ ಮಾತಿಲ್ಲ. ಅಂಥ ನನ್ನ ಹತ್ತಿರ ಕಳೆದ ವರ್ಷ ಒಬ್ಬ ರೀಚಾರ್ಜ್ ವಿತರಕರ ಕಡೆಯ ಹುಡುಗ ಬಂದ. ಐದು ಸಾವಿರ ಕರಪತ್ರ, ನಾಲ್ಕು ಬಣ್ಣ, ನಾಳೆ ಸಂಜೆಗೇ ಬೇಕು. ವಿನ್ಯಾಸ ಪೆನ್‌ಡ್ರೈವಿನಲ್ಲೇ ತಂದಿದ್ದ.

ನೆತ್ತಿಯ ಮೇಲೆ 72 ಪಾಯಿಂಟಿನಲ್ಲಿ, ಅಂದರೆ ಒಂದು ಅಂಗುಲ ಎತ್ತರದಲ್ಲಿ, ಕೆಂಪು ಬಣ್ಣದ ಕನ್ನಡ: ‘ಅನಿಯಮಿತ ಡೇಟಾ!’ ಅದರ ತಲೆಯ ಮೇಲೆ ಸಾಸಿವೆ ಕಾಳಿನಷ್ಟು ಒಂದು ನಕ್ಷತ್ರ. ಆ ನಕ್ಷತ್ರದ ಅರ್ಥ ಹುಡುಕಿಕೊಂಡು ಹೋದರೆ ಹಾಳೆಯ ಕಟ್ಟಕಡೆಯಲ್ಲಿ ಕಡುನೀಲಿ ಪಟ್ಟಿ, ಅದರ ಮೇಲೆ ಬಿಳಿ ಅಕ್ಷರ, 5 ಪಾಯಿಂಟು, ಅದೂ ಇಂಗ್ಲಿಷಿನಲ್ಲಿ.

ನಾನು ಕಸುಬುದಾರನ ಹಾಗೆ ಹೇಳಿದೆ: ‘ತಮ್ಮಾ, ಇಷ್ಟು ಸಣ್ಣ ಅಕ್ಷರವನ್ನು ಕಡುಬಣ್ಣದಲ್ಲಿ ಬಿಳಿ ಬಿಟ್ಟರೆ ಶಾಯಿ ತುಂಬಿಕೊಂಡು ಮುಚ್ಚಿಹೋಗುತ್ತೆ. ಯಾರಿಗೂ ಓದೋಕೆ ಆಗಲ್ಲ. ಸ್ವಲ್ಪ ದೊಡ್ಡದು ಮಾಡಿ ಕನ್ನಡದಲ್ಲೇ ಹಾಕೋಣ.’

ಅವನು ನಕ್ಕ. ‘ಓದಲಿ ಅಂತ ಯಾರು ಹಾಕಿದ್ದು ಸಾರ್?’ ಅಂದ.

ನಾನೂ ನಕ್ಕೆ. ಅಚ್ಚು ಹಾಕಿದೆ. ದುಡ್ಡು ಎಣಿಸಿಕೊಂಡೆ.

ಎರಡು ತಿಂಗಳು ಕಳೆದಿರಬಹುದು. ನಮ್ಮಲ್ಲಿ ಬೈಂಡಿಂಗ್ ಕೆಲಸ ಮಾಡುವ ಹೆಂಗಸು ಒಂದು ಬೆಳಿಗ್ಗೆ ಅದೇ ಕರಪತ್ರ ಹಿಡಿದುಕೊಂಡು ಬಂದಳು. ಅವಳ ಮಗಳು ದ್ವಿತೀಯ ಪಿಯುಸಿ, ವಿಜ್ಞಾನ. ಟ್ಯೂಷನ್ನಿಗೆ ಕೊಡಲು ದುಡ್ಡಿಲ್ಲ, ಮೊಬೈಲಿನಲ್ಲಿ ಪಾಠ ನೋಡಿ ಓದುತ್ತಾಳೆ. ಈ ಕರಪತ್ರ ನಂಬಿ ರೀಚಾರ್ಜ್ ಮಾಡಿಸಿದ್ದಾರೆ. ದಿನಾ ರಾತ್ರಿ ಎಂಟಕ್ಕೆ ಪಾಠ ನಿಂತೇಹೋಗುತ್ತದೆ, ಗಾಲಿ ಸುತ್ತುತ್ತಲೇ ಇರುತ್ತದೆ. ಫೋನು ಕೆಟ್ಟಿದೆ ಅಂತ ರಿಪೇರಿಯವನಿಗೆ ಬೇರೆ ದುಡ್ಡು ಕೊಟ್ಟಿದ್ದಾರೆ! ಅವನು ನೋಡಿ, ‘ಫೋನು ಸರಿಯಾಗೇ ಇದೆಯಮ್ಮಾ, ಇವತ್ತಿನ ಡೇಟಾ ಮುಗಿದಿದೆ’ ಅಂದಿದ್ದಾನೆ.

‘ಅಣ್ಣಾ, ಇದು ನೀವೇ ಅಚ್ಚು ಹಾಕಿದ್ದಲ್ವಾ? ಇದರಲ್ಲಿ ಮುಗಿಯೋದೇ ಇಲ್ಲ ಅಂತ ಇದೆಯಲ್ಲಾ?’ ಅಂತ ಕೇಳಿದಳು.

ಏನು ಹೇಳಲಿ? ಅಚ್ಚಿನ ಚುಕ್ಕೆ ನೋಡುವ ಭೂತಗನ್ನಡಿ ತೆಗೆದು ಆ ನೀಲಿ ಪಟ್ಟಿಯನ್ನು ಓದಿದೆ. ದಿನಕ್ಕೆ ಒಂದೂವರೆ ಜಿಬಿ, ಆಮೇಲೆ 64 ಕೆಬಿಪಿಎಸ್ ವೇಗ ಅಂತ ಇತ್ತು. ಕಸುಬು ಬಲ್ಲವನು ಕನ್ನಡಿ ಇಟ್ಟು ಓದಬೇಕಾದದ್ದನ್ನು, ಇಂಗ್ಲಿಷ್ ಓದಲು ಬಾರದ ತಾಯಿಯೊಬ್ಬಳು ಬೀದಿದೀಪದ ಬೆಳಕಿನಲ್ಲಿ ಓದಿ ತಿಳಿದುಕೊಳ್ಳಬೇಕಿತ್ತಂತೆ! ಇದು ವ್ಯಾಪಾರವೋ ಕಣ್ಕಟ್ಟೋ, ನೀವೇ ಹೇಳಿ.

ಅವತ್ತಿನಿಂದ ಈ ‘ಅನ್‌ಲಿಮಿಟೆಡ್’ ಅನ್ನೋ ಪದದ ಬೆನ್ನು ಹತ್ತಿದ್ದೇನೆ. ಕಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಸುಮ್ಮನೆ ಲೆಕ್ಕ ಹಾಕಿ ನೋಡಿ

ಕಂಪನಿಗಳನ್ನು ಕೇಳಿದರೆ ಒಂದು ಸಿದ್ಧ ಉತ್ತರ ಇದೆ: ‘ನಾವು ಇಂಟರ್‌ನೆಟ್ ನಿಲ್ಲಿಸುವುದಿಲ್ಲ, ವೇಗ ಮಾತ್ರ ಕಡಿಮೆ ಮಾಡುತ್ತೇವೆ. ಹಾಗಾಗಿ ಅದು ಅನ್‌ಲಿಮಿಟೆಡ್ಡೇ.’ ಕೇಳಲು ಸರಿ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಬಣ್ಣ ಬಯಲಾಗುತ್ತದೆ.

ದಿನದ ಪಾಲು ಮುಗಿದ ಮೇಲೆ ದೊಡ್ಡ ಖಾಸಗಿ ಕಂಪನಿಗಳ ಷರತ್ತುಗಳಲ್ಲಿ ಸಾಮಾನ್ಯವಾಗಿ ಕಾಣುವ ವೇಗ 64 ಕೆಬಿಪಿಎಸ್. ನಮ್ಮ ಸರ್ಕಾರಿ ಬಿಎಸ್‌ಎನ್‌ಎಲ್‌ನ ಹಲವು ಯೋಜನೆಗಳಲ್ಲಿ ಅದು 40. ಈ ‘ಬಿ’ ಅನ್ನುವುದು ಬೈಟ್ ಅಲ್ಲ, ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದರೆ 64 ಕೆಬಿಪಿಎಸ್ ಎಂದರೆ ಸೆಕೆಂಡಿಗೆ ಬರೀ 8 ಕಿಲೋಬೈಟ್.

ಈ ವೇಗದಲ್ಲಿ ಒಂದು ಎಂಬಿ ಇಳಿಯಲು 128 ಸೆಕೆಂಡು, ಎರಡು ನಿಮಿಷಕ್ಕೂ ಹೆಚ್ಚು. ಗಿರಾಕಿಯೊಬ್ಬರು ನನಗೆ ಮೂರು ಎಂಬಿಯ ಫೋಟೋ ಕಳಿಸಿದರೆ ಆರು ನಿಮಿಷ ಕಾಯಬೇಕು. ಇಪ್ಪತ್ತು ಎಂಬಿಯ ಮದುವೆ ಕಾರ್ಡಿನ ಪಿಡಿಎಫ್ ಬಂದರೆ ಮುಕ್ಕಾಲು ಗಂಟೆ. ಒಂದು ಜಿಬಿ ಬೇಕೆಂದರೆ 36 ಗಂಟೆ ದಾಟುತ್ತದೆ. ಅಷ್ಟರಲ್ಲಿ ಮದುವೆಯೇ ಮುಗಿದು ಬೀಗರ ಊಟ ಬಂದಿರುತ್ತದೆ!

ಇನ್ನೊಂದು ಮಜಾ ನೋಡಿ. ನೀವು ನಿದ್ದೆ ಬಿಟ್ಟು 24 ಗಂಟೆಯೂ ಒಂದೇ ಸಮನೆ ಆ 64ರ ವೇಗದಲ್ಲಿ ಎಳೆದರೂ ಒಂದು ದಿನಕ್ಕೆ ಬರುವುದು 675 ಎಂಬಿ ಮಾತ್ರ. ಅದಕ್ಕೆ ಮೊದಲಿನ ಒಂದೂವರೆ ಜಿಬಿ ಕೂಡಿಸಿ. ಎರಡೂಕಾಲು ಜಿಬಿ ದಾಟುವುದಿಲ್ಲ. 28 ದಿನಕ್ಕೆ ಗುಣಿಸಿ. ಸುಮಾರು 60 ಜಿಬಿ. ಪರಮಾತ್ಮನೇ ಬಂದು ಆ ಸಿಮ್ಮು ಹಾಕಿಕೊಂಡು ಕೂತರೂ ಅದಕ್ಕಿಂತ ಹೆಚ್ಚು ಎಳೆಯಲಾರ. ಹಾಗಾದರೆ ಮಿತಿ ಇದೆಯೋ ಇಲ್ಲವೋ? ಇದೆ. ಎಷ್ಟು ಅಂತ ಪಿಯುಸಿ ಓದಿದ ನಾನೇ ಕ್ಯಾಲ್ಕುಲೇಟರ್ ಹಿಡಿದು ಹೇಳಬಲ್ಲೆ. ಎಂಜಿನಿಯರ್‌ಗಳನ್ನು ಇಟ್ಟುಕೊಂಡ ಕಂಪನಿಗೆ ಗೊತ್ತಿಲ್ಲವೇ?

ಹೋಗಲಿ, ಸರ್ಕಾರ ಏನು ಹೇಳುತ್ತದೆ? 2023ರ ಜನವರಿಯಿಂದ ಈ ದೇಶದಲ್ಲಿ ‘ಬ್ರಾಡ್‌ಬ್ಯಾಂಡ್’ ಎನ್ನಿಸಿಕೊಳ್ಳಬೇಕಾದರೆ ಕನಿಷ್ಠ ವೇಗ 2 ಎಂಬಿಪಿಎಸ್ ಇರಬೇಕು. 64 ಕೆಬಿಪಿಎಸ್ ಅದರ ಮೂವತ್ತನೇ ಒಂದು ಪಾಲಿನಷ್ಟು! ಇಪ್ಪತ್ತೈದು ವರ್ಷಗಳ ಹಿಂದೆ ಟೆಲಿಫೋನ್ ತಂತಿಗೆ ಮೋಡೆಮ್ ಸಿಕ್ಕಿಸಿ, ಅದು ಕಿರ್ರೋ ಎಂದು ಕೂಗುತ್ತಿದ್ದ ಕಾಲದಲ್ಲಿ ಅದರ ಮೇಲೆ ಬರೆದಿರುತ್ತಿದ್ದ ವೇಗವೇ 56 ಕೆಬಿಪಿಎಸ್. 5ಜಿ ಹೆಸರಲ್ಲಿ ಕುಣಿಯುವ ಈ ಕಾಲದಲ್ಲಿ ರಾತ್ರಿ ಎಂಟರ ಮೇಲೆ ನಮ್ಮ ಮಕ್ಕಳನ್ನು ಆ ಕಾಲಕ್ಕೆ ವಾಪಸು ಕಳಿಸುತ್ತಿದ್ದಾರೆ.

ಖಾನಾವಳಿಯವನು ಹೀಗೆ ಮಾಡಿದ್ದರೆ?

ಹುಬ್ಬಳ್ಳಿ ಕಡೆಯ ಖಾನಾವಳಿ ನೆನಪು ಮಾಡಿಕೊಳ್ಳಿ. ‘ಹೊಟ್ಟೆ ತುಂಬ ಊಟ’ ಅಂತ ಬೋರ್ಡು. ಒಳಗೆ ಹೋಗಿ ಕೂತಿರಿ. ಎರಡು ರೊಟ್ಟಿ, ಒಂದು ಸೌಟು ಅನ್ನ ಬಂತು. ಮತ್ತೆ ಅನ್ನ ಕೇಳಿದಿರಿ. ಬಡಿಸುವವನು ಬಂದು ನಿಮಿಷಕ್ಕೆ ಒಂದೊಂದೇ ಅಗುಳನ್ನು ಎಲೆಗೆ ಹಾಕುತ್ತಾ ನಿಂತ. ‘ಏನಪ್ಪಾ ಇದು?’ ಅಂದರೆ, ‘ಊಟ ನಿಲ್ಲಿಸಿಲ್ಲವಲ್ಲಾ ಸ್ವಾಮಿ, ವೇಗ ಮಾತ್ರ ಕಡಿಮೆ ಮಾಡಿದ್ದೇವೆ’ ಅಂದ. ನೀವು ಏನು ಮಾಡುತ್ತಿದ್ದಿರಿ? ಎಲೆ ಎತ್ತಿ ಅವನ ಮುಖಕ್ಕೇ ಎಸೆಯುತ್ತಿದ್ದಿರಿ.

ಮೊಬೈಲ್ ಕಂಪನಿ ಅದನ್ನೇ ಮಾಡಿದರೆ ನಾವು ತೆಪ್ಪಗೆ ಹೆಚ್ಚುವರಿ ಡೇಟಾ ಪ್ಯಾಕ್ ಹಾಕಿಸಿಕೊಳ್ಳುತ್ತೇವೆ. ಅಲ್ಲಾ, ಮುಗಿಯದ ವಸ್ತುವಿಗೆ ‘ಹೆಚ್ಚುವರಿ’ ಅಂತ ಒಂದು ಪ್ಯಾಕೆಟ್ ಯಾಕೆ ಬೇಕು? ಆ ಚೀಟಿ ಮಾರುಕಟ್ಟೆಯಲ್ಲಿ ಇದೆ ಅನ್ನುವುದೇ ‘ಅನ್‌ಲಿಮಿಟೆಡ್’ ಸುಳ್ಳು ಅನ್ನುವುದಕ್ಕೆ ಸಾಕ್ಷಿ. ಅವರೇ ಬರೆದುಕೊಟ್ಟ ತಪ್ಪೊಪ್ಪಿಗೆ!

ನಮ್ಮ ಕಸುಬಿನಲ್ಲಿ ಒಂದು ರೀಮ್ ಎಂದರೆ 500 ಹಾಳೆ. ಕಾಗದದ ವ್ಯಾಪಾರಿ 480 ಕೊಟ್ಟು ‘ಇದೂ ರೀಮೇ’ ಅಂದರೆ ನಾಳೆಯಿಂದ ಅವನ ಅಂಗಡಿಗೆ ಯಾರೂ ಕಾಲಿಡುವುದಿಲ್ಲ. ಬೇಳೆಗೆ, ಪೆಟ್ರೋಲಿಗೆ, ಬಟ್ಟೆಗೆ ಅಳತೆ ಇದೆ, ಅಳತೆ ನೋಡುವ ಇಲಾಖೆ ಇದೆ. ಡೇಟಾ ಮಾರುವವನಿಗೆ ಮಾತ್ರ ಅಳತೆಯನ್ನೇ ಇಲ್ಲವೆನ್ನುವ ಸ್ವಾತಂತ್ರ್ಯ ಎಲ್ಲಿಂದ ಬಂತು?

‘ಜೀವಮಾನ’ದಿಂದ ‘ಅನಿಯಮಿತ’ದವರೆಗೆ

ಈ ಆಟ ಹೊಸದಲ್ಲ. ನೀವು ಆಗ ಇನ್ನೂ ಚಿಕ್ಕವರು, ಹೇಳುತ್ತೇನೆ ಕೇಳಿ.

2005ರ ಕೊನೆ, 2006ರ ಶುರು. ‘ಲೈಫ್‌ಟೈಮ್’ ಸಿಮ್ಮುಗಳು ಬಂದವು. ಸಾವಿರಕ್ಕೆ ಒಂದು ರೂಪಾಯಿ ಕಡಿಮೆ, 999 ಕೊಟ್ಟರೆ ಜೀವನಪೂರ್ತಿ ಒಳಬರುವ ಕರೆ ಬರುತ್ತದೆ ಅಂತ ಡಂಗೂರ. ಸಾಲ ಮಾಡಿ ಹಾಕಿಸಿಕೊಂಡವರಿದ್ದಾರೆ. ಆಮೇಲೆ ತಿಳಿಯಿತು, ‘ಲೈಫ್’ ಅಂದರೆ ನಮ್ಮ ಜೀವ ಅಲ್ಲವಂತೆ, ಕಂಪನಿಯ ಪರವಾನಗಿಯ ಜೀವವಂತೆ! 2018ರ ಕೊನೆಗೆ ಆ ಜೀವವೂ ಹೋಯಿತು. 28 ದಿನಕ್ಕೊಮ್ಮೆ ಕನಿಷ್ಠ 35 ರೂಪಾಯಿ ಹಾಕದಿದ್ದರೆ ಕರೆ ಬಂದ್ ಅಂದರು. ಒಂದು ಜೀವಮಾನ ಹದಿಮೂರು ವರ್ಷಕ್ಕೇ ಮುಗಿಯಿತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಡಿಸೆಂಬರ್‌ವರೆಗೆ ಎಲ್ಲ ಪುಕ್ಕಟೆ, ಡೇಟಾ ‘ಅನ್‌ಲಿಮಿಟೆಡ್’. ಆ ಅನ್‌ಲಿಮಿಟೆಡ್ಡಿಗೆ ದಿನಕ್ಕೆ 4 ಜಿಬಿ ಗೆರೆ. 2017ರ ಜನವರಿಯಲ್ಲಿ ಅದೇ ಅನ್‌ಲಿಮಿಟೆಡ್ 1 ಜಿಬಿಗೆ ಇಳಿಯಿತು. ಪದ ಹಾಗೇ ಇತ್ತು, ಪದಾರ್ಥ ಕಾಲು ಭಾಗ ಆಯಿತು! ಕರೆಗಳು ಸದಾಕಾಲ ಉಚಿತ ಎಂದಿದ್ದರು. 2019ರ ಅಕ್ಟೋಬರ್‌ನಲ್ಲಿ ಬೇರೆ ಕಂಪನಿಯ ನಂಬರಿಗೆ ನಿಮಿಷಕ್ಕೆ 6 ಪೈಸೆ ಹಾಕಿದರು. 2021ರ ಜನವರಿ 1ರಂದು ಮತ್ತೆ ತೆಗೆದರು. ‘ಸದಾಕಾಲ’ ಅನ್ನುವ ಪದಕ್ಕೆ ನಿಘಂಟಿನಲ್ಲಿ ಇರುವ ಅರ್ಥವೇ ಬೇರೆ, ಜಾಹೀರಾತಿನಲ್ಲಿ ಇರುವ ಅರ್ಥವೇ ಬೇರೆ.

ತಿಂಗಳೂ ಹಾಗೇ. ಕ್ಯಾಲೆಂಡರ್ ಅಚ್ಚು ಹಾಕುವವನು ನಾನು, ನನಗೆ ಗೊತ್ತು: ವರ್ಷಕ್ಕೆ ಹನ್ನೆರಡು ತಿಂಗಳು. ಮೊಬೈಲಿನವರಿಗೆ ಹದಿಮೂರು. 28 ದಿನದ ಲೆಕ್ಕದಲ್ಲಿ ವರ್ಷಕ್ಕೆ ಹದಿಮೂರು ಸಲ ರೀಚಾರ್ಜ್. ಜನ ಕೂಗಾಡಿದ ಮೇಲೆ 2022ರ ಜನವರಿಯಲ್ಲಿ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ‘30 ದಿನದ ಯೋಜನೆಯೂ, ತಿಂಗಳ ಅದೇ ತಾರೀಖಿಗೆ ಬರುವ ಯೋಜನೆಯೂ ಒಂದೊಂದಾದರೂ ಇಡಿ’ ಎಂದಿತು. ಇಟ್ಟರು. ಆದರೆ ಅಂಗಡಿಯ ಮುಂದಿನ ಬೋರ್ಡಿನಲ್ಲಿ ದೊಡ್ಡದಾಗಿ ಕಾಣುವುದು ಇವತ್ತಿಗೂ 28, 56, 84.

ಈಗ ‘ಅನ್‌ಲಿಮಿಟೆಡ್ 5ಜಿ’ ಎನ್ನುತ್ತಾರೆ. ಇದರಲ್ಲಿ ಸ್ವಲ್ಪ ನಿಜವೂ ಇದೆ, ಸುಳ್ಳು ಹೇಳಬಾರದು. 5ಜಿ ಸಿಗ್ನಲ್ಲಿನಲ್ಲಿ ಇರುವಷ್ಟು ಹೊತ್ತು ದಿನದ ಪಾಲು ಕತ್ತರಿಸುವುದಿಲ್ಲ. ಆದರೆ 5ಜಿ ಫೋನು ಬೇಕು. 5ಜಿ ಸಿಗುವ ಜಾಗದಲ್ಲಿ ಇರಬೇಕು. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಮಲೆನಾಡಿನ ಊರಿಗೆ ಹೋಗಿ ಇಳಿದರೆ ಫೋನು 4ಜಿಗೆ ಜಾರಿರುತ್ತದೆ, ದಿನದ ಪಾಲಿನ ಮೀಟರು ಓಡಲು ಶುರುವಾಗಿರುತ್ತದೆ. ಇನ್ನು 2024ರ ಜುಲೈ ಏರಿಕೆ ನೆನಪಿದೆಯಲ್ಲ? ಜಿಯೋದ 239 ರೂಪಾಯಿಯ ಯೋಜನೆ 299 ಆಯಿತು. ಬೆಲೆ ಏರಿದ್ದು ಸಾಲದೆಂದು, ಈ ಅನ್‌ಲಿಮಿಟೆಡ್ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ಮೇಲಿನ ಯೋಜನೆಗಳಿಗೆ ಮಾತ್ರ ಎಂದರು. ಏರ್‌ಟೆಲ್ ಕೂಡ ಅದೇ ದಾರಿ ಹಿಡಿಯಿತು. ಕಡಿಮೆ ದುಡ್ಡಿನವನಿಗೆ ಇದ್ದ ಸೌಲಭ್ಯ ರಾತ್ರೋರಾತ್ರಿ ಮೇಲಿನ ಮಹಡಿಗೆ ಹೋಯಿತು.

ಕನ್ನಡದ ಬಾಯಲ್ಲಿ ಕಂಪನಿಯ ಸುಳ್ಳು

ಇನ್ನು ಪದದ ವಿಚಾರ. ‘ಅನಿಯಮಿತ’ ಎನ್ನುತ್ತಾರಲ್ಲ, ಅದು ಎಂಥ ಕನ್ನಡ? ನಮ್ಮ ನಿಗಮಗಳ ಬೋರ್ಡಿನಲ್ಲಿ ಲಿಮಿಟೆಡ್ಡಿಗೆ ‘ನಿಯಮಿತ’ ಅಂತ ಬರೆಯುವ ರೂಢಿ ಇದೆ. ಅದಕ್ಕೊಂದು ‘ಅ’ ಸಿಕ್ಕಿಸಿದ್ದಾರೆ, ಅಷ್ಟೇ. ಜನರ ಮಾತಿನಲ್ಲಿ ‘ಅನಿಯಮಿತ’ ಎಂದರೆ ಏನು? ಅನಿಯಮಿತ ವಿದ್ಯುತ್ ಕಡಿತ, ಅನಿಯಮಿತ ನೀರು ಪೂರೈಕೆ. ಅಂದರೆ ಹೊತ್ತುಗೊತ್ತಿಲ್ಲದ್ದು, ನಿಯಮ ಇಲ್ಲದ್ದು, ಬಂದರೆ ಬಂತು ಹೋದರೆ ಹೋಯಿತು ಅನ್ನುವಂಥದ್ದು. ಹಾಗೆ ನೋಡಿದರೆ ‘ಅನಿಯಮಿತ ಡೇಟಾ’ ಎಂದು ಬರೆದವನು ಗೊತ್ತಿಲ್ಲದೆ ನಿಜ ಹೇಳಿಬಿಟ್ಟಿದ್ದಾನೆ!

‘ಮಿತಿಯಿಲ್ಲದ’ ಎಂಬ ಅಚ್ಚ ಮಾತು ನಮ್ಮಲ್ಲಿದೆ. ‘ಅಪರಿಮಿತ’ ಇದೆ. ‘ಬೇಕಾದಷ್ಟು’ ಅಂದರೆ ಹಳ್ಳಿಯ ಅಜ್ಜಿಗೂ ಅರ್ಥವಾಗುತ್ತದೆ. ಅದನ್ನು ಯಾಕೆ ಬರೆಯುವುದಿಲ್ಲ? ‘ಬೇಕಾದಷ್ಟು ಡೇಟಾ’ ಎಂದು ಬರೆದರೆ ಅಜ್ಜಿ ನಾಳೆಯೇ ಬಂದು ‘ಎಲ್ಲಪ್ಪಾ ಬೇಕಾದಷ್ಟು?’ ಎಂದು ಕೇಳುತ್ತಾಳೆ. ಅರ್ಥವಾಗದ ಪದದ ಹಿಂದೆ ಅಡಗಿಕೊಳ್ಳುವುದು ಸುಲಭ, ಅದಕ್ಕೇ.

ಅದಕ್ಕಿಂತ ದೊಡ್ಡ ದ್ರೋಹ ಯಾವುದು ಗೊತ್ತೇ? ಆಸೆ ತೋರಿಸುವುದು ಕನ್ನಡದಲ್ಲಿ, ಷರತ್ತು ಹಾಕುವುದು ಇಂಗ್ಲಿಷಿನಲ್ಲಿ. ಕರೆಯುವಾಗ ‘ಬನ್ನಿ ಬನ್ನಿ’, ಕೈಕೊಡುವಾಗ ‘ಟರ್ಮ್ಸ್ ಅಂಡ್ ಕಂಡೀಷನ್ಸ್’. ನಮ್ಮ ಭಾಷೆ ದುಡ್ಡು ವಸೂಲಿಗೆ ಬೇಕು, ಜವಾಬ್ದಾರಿಗೆ ಬೇಡ. ಕನ್ನಡವನ್ನು ಬರೀ ಬಲೆಯ ಕಾಳಿನ ಹಾಗೆ ಎರಚುತ್ತಾರೆ. ಕನ್ನಡದಲ್ಲಿ ಬೋರ್ಡು ಇಲ್ಲ ಎಂದು ಬೀದಿಗಿಳಿಯುವ ನಾವು, ಕನ್ನಡದ ಬೋರ್ಡಿನ ಕೆಳಗೆ ಇಂಗ್ಲಿಷಿನಲ್ಲಿ ಬಚ್ಚಿಟ್ಟ ಮೋಸವನ್ನು ನೋಡಿಯೂ ನೋಡದ ಹಾಗೆ ಹೋಗುತ್ತಿದ್ದೇವೆ.

ಅವರ ಮಾತನ್ನೂ ಕೇಳೋಣ

ಒಂದೇ ಕಡೆಯ ಮಾತು ಹೇಳಿದರೆ ನ್ಯಾಯ ಅಲ್ಲ. ಕಂಪನಿಗಳ ವಾದದಲ್ಲಿ ಎರಡು ನಿಜ ಇವೆ.

ಒಂದು, ಡೇಟಾ ಅಗ್ಗವಾಗಿದೆ. 2014ರಲ್ಲಿ ಒಂದು ಜಿಬಿಗೆ ಸರಾಸರಿ 269 ರೂಪಾಯಿ ಆಗುತ್ತಿತ್ತು. ಇವತ್ತು ಹತ್ತು ರೂಪಾಯಿಯ ಆಸುಪಾಸು. ಪ್ರಪಂಚದ ಅಗ್ಗದ ದೇಶಗಳ ಸಾಲಿನಲ್ಲಿ ನಾವಿದ್ದೇವೆ. ಬೈಂಡಿಂಗ್ ಕೆಲಸದವಳ ಮಗಳು ಮೊಬೈಲಿನಲ್ಲಿ ಭೌತಶಾಸ್ತ್ರ ಕಲಿಯುವಂತಾದದ್ದೇ ಅದರಿಂದ. ಇದನ್ನು ಒಪ್ಪಲೇಬೇಕು.

ಎರಡು, ಮಿತಿ ಇರಲೇಬೇಕು. ಒಂದು ಟವರಿನ ತರಂಗ ಇರುವುದು ಇಷ್ಟೇ ಅಂತ. ಅದನ್ನು ಆ ಬೀದಿಯ ಎಲ್ಲರೂ ಹಂಚಿಕೊಳ್ಳಬೇಕು. ಹತ್ತು ಜನ ಹಗಲಿರುಳು ಸಿನಿಮಾ ಇಳಿಸುತ್ತಾ ಕೂತರೆ ಉಳಿದ ತೊಂಬತ್ತು ಜನರಿಗೆ ಕರೆಯೂ ಸರಿಯಾಗಿ ಸಿಗುವುದಿಲ್ಲ. ಬೀದಿಯ ನಲ್ಲಿಯ ಲೆಕ್ಕವೇ ಇದು.

ಸರಿ, ಒಪ್ಪಿದೆ. ಮಿತಿ ಇಡಿ ಸ್ವಾಮಿ, ಬೇಡ ಅಂದವರು ಯಾರು? ನಮ್ಮ ತಕರಾರು ಮಿತಿಯ ಮೇಲಲ್ಲ, ಮಿತಿಯನ್ನು ಇಟ್ಟುಕೊಂಡು ‘ಮಿತಿ ಇಲ್ಲ’ ಎಂದು ಸಾರುವುದರ ಮೇಲೆ. ‘ದಿನಕ್ಕೆ ಒಂದೂವರೆ ಜಿಬಿ, 28 ದಿನ, 299 ರೂಪಾಯಿ’ ಎಂದು ಆ 72 ಪಾಯಿಂಟಿನಲ್ಲೇ ಹಾಕಿ. ಅಗ್ಗ ಅನ್ನುವುದು ನಿಜವಾದರೆ ನಿಜವೇ ಗಿರಾಕಿಯನ್ನು ಕರೆದು ತರುತ್ತದೆ. ಒಳ್ಳೆಯ ಸರಕಿಗೆ ಸುಳ್ಳು ಯಾಕೆ ಬೇಕು?

‘ಎಲ್ಲರಿಗೂ ಗೊತ್ತಿರೋದೇ ಬಿಡಿ’ ಎನ್ನುವ ಬುದ್ಧಿವಂತರೂ ಇದ್ದಾರೆ. ಕಾಲೇಜಿಗೆ ಹೋಗುವ ನಿಮಗೆ ಗೊತ್ತು, ಒಪ್ಪಿದೆ. ದುಡ್ಡು ಕೊಡುವ ನಿಮ್ಮ ಅಮ್ಮನಿಗೆ ಗೊತ್ತಾ? ಜಾಹೀರಾತು ನೇರ ಇದೆಯೋ ಡೊಂಕಿದೆಯೋ ಎಂದು ನೋಡಬೇಕಾದದ್ದು ಗೊತ್ತಿರುವವನ ಕಣ್ಣಿನಿಂದ ಅಲ್ಲ, ಗೊತ್ತಿಲ್ಲದೆ ನಂಬುವವರ ಕಣ್ಣಿನಿಂದ.

ಕಾನೂನು ಇದೆ, ಕೇಳುವವರಿಲ್ಲ

ಕಾನೂನು ಇಲ್ಲವೇ? ಬೇಕಾದಷ್ಟಿದೆ! ಇದು ಮಾತ್ರ ನಿಜವಾಗಿಯೂ ಅನ್‌ಲಿಮಿಟೆಡ್.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತು ಎಂದರೇನು ಎಂದು ಬಿಡಿಸಿ ಹೇಳಿದೆ. ಮುಖ್ಯ ಮಾಹಿತಿಯನ್ನು ಬೇಕೆಂತಲೇ ಮುಚ್ಚಿಡುವುದೂ ಅದರಲ್ಲಿ ಸೇರಿದೆ. ಅದರ ಕೆಳಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಎಂಬುದು 2020ರ ಜುಲೈಯಿಂದ ಇದೆ. ಮೊದಲ ತಪ್ಪಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಅದಕ್ಕಿದೆ.

ಆ ಪ್ರಾಧಿಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಷರತ್ತಿನ ಸಾಲುಗಳ ಬಗ್ಗೆ ಏನಿದೆ ನೋಡಿ. ಷರತ್ತು ಎನ್ನುವುದು ಜಾಹೀರಾತಿನ ಮಾತನ್ನು ವಿವರಿಸಬಹುದೇ ಹೊರತು, ಮುಖ್ಯ ಸಂಗತಿಯನ್ನು ಬಚ್ಚಿಡಲು ಬಳಸಬಾರದು, ಮೇಲೆ ಹೇಳಿದ ಸುಳ್ಳನ್ನು ಕೆಳಗೆ ತಿದ್ದಲು ಬಳಸಬಾರದು. ಮೇಲಿನ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು. ಅಕ್ಷರವೂ ಅದೇ ಫಾಂಟಿನಲ್ಲಿ ಇರಬೇಕು!

ಇದನ್ನು ಮೊದಲ ಸಲ ಓದಿದಾಗ ನಾನು ಎದ್ದು ನಿಂತೆ. ನಾನು ಅಚ್ಚು ಹಾಕಿದ ಆ ಕರಪತ್ರ ಇದರ ಒಂದೊಂದು ಸಾಲಿಗೂ ವಿರುದ್ಧವಾಗಿತ್ತು. ಜಾಹೀರಾತು ಉದ್ಯಮದವರು ತಾವೇ 1985ರಲ್ಲಿ ಕಟ್ಟಿಕೊಂಡ ಎಎಸ್‌ಸಿಐ ಎಂಬ ಮಂಡಳಿಯ ನಿಯಮದಲ್ಲೂ ಇದೇ ಇದೆ, ಮಾತು ಮತ್ತು ಷರತ್ತು ಒಂದೇ ಭಾಷೆಯಲ್ಲಿರಬೇಕು ಎಂದು. 2020ರ ಸೆಪ್ಟೆಂಬರ್‌ನಲ್ಲಿ ಟ್ರಾಯ್ ಕೂಡ ಹೇಳಿತು, ಡೇಟಾದ ಮಿತಿ ಎಷ್ಟು, ಮಿತಿಯೊಳಗೆ ವೇಗ ಎಷ್ಟು, ಮಿತಿ ದಾಟಿದ ಮೇಲೆ ಎಷ್ಟು ಎಂಬುದನ್ನು ಗ್ರಾಹಕನಿಗೆ ಬಿಚ್ಚಿ ಹೇಳಬೇಕೆಂದು. ಇಷ್ಟೆಲ್ಲ ಇದ್ದೂ ಬೀದಿಯಲ್ಲಿ ಕಾಣುವುದು ಮಾತ್ರ ಅದೇ ಸಾಸಿವೆ ನಕ್ಷತ್ರ.

ಶಿಕ್ಷೆ ಆಗುವುದೇ ಇಲ್ಲ ಎಂದುಕೊಳ್ಳಬೇಡಿ. 2025ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನದೇ ಕಂಪನಿ ರ‍್ಯಾಪಿಡೋಗೆ ಇದೇ ಪ್ರಾಧಿಕಾರ 10 ಲಕ್ಷ ದಂಡ ಹಾಕಿತು. ‘5 ನಿಮಿಷದಲ್ಲಿ ಆಟೋ, ಇಲ್ಲದಿದ್ದರೆ 50 ರೂಪಾಯಿ’ ಎಂಬ ಜಾಹೀರಾತು. ಷರತ್ತುಗಳು ಓದಲಾಗದಷ್ಟು ಸಣ್ಣ ಅಕ್ಷರದಲ್ಲಿದ್ದವು. ಕೊಡುತ್ತಿದ್ದದ್ದು ರೂಪಾಯಿ ಅಲ್ಲ, ‘ಕಾಯಿನ್’. ಅದೂ ಏಳೇ ದಿನದ ಆಯುಷ್ಯದ್ದು. ಜಾಹೀರಾತು ನಿಲ್ಲಿಸಿ, 50 ರೂಪಾಯಿ ಸಿಗದವರಿಗೆ ಕೊಡಿ ಎಂದೂ ಆದೇಶವಾಯಿತು. ಗಮನಿಸಿ, ಅಲ್ಲಿ ಸಿಕ್ಕಿಬಿದ್ದದ್ದು ಸಣ್ಣಕ್ಷರವೇ.

ಅಮೆರಿಕದಲ್ಲಿ ಇದೇ ‘ಅನ್‌ಲಿಮಿಟೆಡ್’ ಪದದ ಮೇಲೇ ಮೊಕದ್ದಮೆ ನಡೆಯಿತು. ಎಟಿ ಅಂಡ್ ಟಿ ಕಂಪನಿ 2011ರಿಂದ ಅನ್‌ಲಿಮಿಟೆಡ್ ಗಿರಾಕಿಗಳ ವೇಗ ಕತ್ತರಿಸುತ್ತಿತ್ತು, ಕೆಲವರಿಗೆ ತಿಂಗಳಿಗೆ 2 ಜಿಬಿ ದಾಟಿದ ಕೂಡಲೇ. ಅಲ್ಲಿನ ವ್ಯಾಪಾರ ಆಯೋಗ 2014ರಲ್ಲಿ ಕೋರ್ಟಿಗೆ ಹೋಯಿತು. 2019ರಲ್ಲಿ ಕಂಪನಿ 6 ಕೋಟಿ ಡಾಲರ್ ಕಕ್ಕಬೇಕಾಯಿತು. ಇನ್ನು ಮುಂದೆ ಮಿತಿಯನ್ನು ಸಣ್ಣಕ್ಷರದಲ್ಲಿ ಅಡಗಿಸುವಂತಿಲ್ಲ ಎಂಬ ಷರತ್ತೂ ಬಿತ್ತು. ಷರತ್ತು ಹಾಕುವವರಿಗೇ ಷರತ್ತು! ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು?

ನಾವೇನು ಮಾಡಬೇಕು?

ಘೋಷಣೆ ಕೂಗಿ ಮನೆಗೆ ಹೋಗುವ ಕೆಲಸ ಇದಲ್ಲ. ನಿಮ್ಮ ಕೈಯಲ್ಲಿ ಫೋನಿದೆ, ಕಾಲಲ್ಲಿ ಬಲ ಇದೆ. ಇಷ್ಟು ಮಾಡಿ.

ಮೊದಲು ನಿಮ್ಮ ಬೀದಿಯ ರೀಚಾರ್ಜ್ ಅಂಗಡಿಯ ಬೋರ್ಡು, ಬಸ್ ನಿಲ್ದಾಣದ ಫಲಕ, ಕೈಗೆ ಬರುವ ಕರಪತ್ರ ನೋಡಿ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಷರತ್ತು ಇದ್ದರೆ ಫೋಟೋ ತೆಗೆಯಿರಿ. ಜಾಗ, ತಾರೀಖು ಬರೆದಿಡಿ. ಅಂಗಡಿಯವನ ಮೇಲೆ ಹರಿಹಾಯಬೇಡಿ. ಅವನೂ ನಮ್ಮ ಹಾಗೆ ಹೊಟ್ಟೆಪಾಡಿನವನು, ಬೋರ್ಡು ಅವನು ಬರೆಸಿದ್ದಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕನ್ನಡದಲ್ಲೇ ಮಾತಾಡಿ ದೂರು ಕೊಡಬಹುದು. ಕನ್ನಡದಲ್ಲೇ ಕೊಡಿ.

ನಿಮ್ಮದೇ ಕಂಪನಿಯ ಮೇಲೆ ದೂರಿದ್ದರೆ ಮೊದಲು ಅವರ ದೂರು ಕೇಂದ್ರಕ್ಕೆ ಹೇಳಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಟ್ರಾಯ್‌ಗೆ ಬರೆದರೆ ಒಬ್ಬೊಬ್ಬರ ದೂರನ್ನು ಅದು ತಾನೇ ವಿಚಾರಿಸುವುದಿಲ್ಲ, ಕಂಪನಿಗೇ ದಾಟಿಸುತ್ತದೆ. ಅದಕ್ಕೆ ಕಾದು ಕೂರಬೇಡಿ.

ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಮೊಬೈಲ್ ಕಂಪನಿಯ ವಿರುದ್ಧ ಗ್ರಾಹಕ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದು ಕಂಪನಿಗಳು ವರ್ಷಗಟ್ಟಲೆ ವಾದಿಸುತ್ತಿದ್ದವು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ತೆರೆಯಿತು, ಹೋಗಬಹುದು ಎಂದಿತು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ವಕೀಲರೇ ಬೇಕೆಂದೂ ಇಲ್ಲ. 299 ರೂಪಾಯಿಗೆ ಯಾರು ಅಲೆಯುತ್ತಾರೆ ಎಂಬುದೇ ಅವರ ಧೈರ್ಯ. ಒಬ್ಬನಿಗೆ 299, ಕೋಟಿ ಜನರಿಗೆ ಎಷ್ಟು? ಲೆಕ್ಕ ಹಾಕಿ.

ನಾವು ಕೇಳಬೇಕಾದದ್ದು ಮೂರೇ ಮಾತು. ದಿನದ ಮಿತಿ ಇರುವ ಯೋಜನೆಗೆ ‘ಅನ್‌ಲಿಮಿಟೆಡ್’, ‘ಅನಿಯಮಿತ’ ಪದ ಬಳಸಬಾರದು. ಮಿತಿ ಮತ್ತು ಮಿತಿ ಮೀರಿದ ಮೇಲಿನ ವೇಗವನ್ನು ಬೆಲೆಯಷ್ಟೇ ದೊಡ್ಡದಾಗಿ ಬರೆಯಬೇಕು. ಕನ್ನಡದ ಜಾಹೀರಾತಿನ ಷರತ್ತು ಕನ್ನಡದಲ್ಲೇ ಇರಬೇಕು. ಇದು ಯಾರ ಕೃಪೆಯೂ ಅಲ್ಲ. ಮೂರನೆಯದಂತೂ ಆಗಲೇ ಬರೆದಿಟ್ಟಿರುವ ನಿಯಮ.

ನನ್ನ ಪ್ರಾಯಶ್ಚಿತ್ತ

ನಾನು ಮಾಡಿದ್ದೇನು? ಆ ಹುಡುಗಿಗೆ ನಮ್ಮ ಪ್ರೆಸ್ಸಿನ ವೈಫೈ ಗುಪ್ತಪದ ಕೊಟ್ಟೆ. ಸಂಜೆ ಹೊತ್ತು ಕಟಿಂಗ್ ಯಂತ್ರದ ಪಕ್ಕದ ಮೇಜಿನಲ್ಲಿ ಕೂತು ಓದುತ್ತಾಳೆ. ಯಂತ್ರದ ಸದ್ದಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾಳೆ. ಇದೇನು ಪರಿಹಾರ ಅಲ್ಲ, ಗೊತ್ತು. ಊರಿನಲ್ಲಿ ಅಂಥ ಹುಡುಗಿಯರು ಸಾವಿರಾರು, ನನ್ನ ಮೇಜು ಒಂದೇ.

ಇನ್ನೊಂದು ಮಾಡಿದ್ದೇನೆ. ನಮ್ಮ ಪ್ರೆಸ್ಸಿನ ಗೋಡೆಗೆ ಒಂದು ಕಾಗದ ಅಂಟಿಸಿದ್ದೇನೆ: ‘ಕನ್ನಡದ ಜಾಹೀರಾತಿಗೆ ಷರತ್ತೂ ಕನ್ನಡದಲ್ಲೇ. 10 ಪಾಯಿಂಟಿಗಿಂತ ಸಣ್ಣ ಷರತ್ತು ಅಚ್ಚು ಹಾಕುವುದಿಲ್ಲ.’ ಆ ವಿತರಕರ ಕಡೆಯ ಹುಡುಗ ಮತ್ತೆ ಬಂದಿದ್ದ. ಕಾಗದ ಓದಿದ. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಎದುರಿನ ಪ್ರೆಸ್ಸಿಗೆ ಹೋದ. ಐದು ಸಾವಿರ ಕರಪತ್ರದ ಕೆಲಸ ಹೋಯಿತು. ಬೇಜಾರಾಯಿತೇ? ಆಯಿತು, ಯಾಕೆ ಸುಳ್ಳು ಹೇಳಲಿ? ಬಾಡಿಗೆ ಕಟ್ಟಬೇಕಲ್ಲ.

ಎದುರಿನ ಪ್ರೆಸ್ಸಿನವರೂ ನನ್ನ ಸ್ನೇಹಿತರೇ, ಕನ್ನಡದವರೇ. ಈ ಪತ್ರಿಕೆ ಅವರಿಗೂ ಹೋಗುತ್ತದೆ. ಓದುತ್ತಾರೆ ಅಂದುಕೊಂಡಿದ್ದೇನೆ. ಊರಿನ ಮುದ್ರಕರೆಲ್ಲ ಸೇರಿ ಆ ಸಾಲನ್ನು ಅಚ್ಚು ಹಾಕುವುದಿಲ್ಲ ಎಂದರೆ, ಮಾಲ್‌ಗಳ ಮೇಲಿನ ದೊಡ್ಡ ಫಲಕ ಅಲ್ಲದಿದ್ದರೂ ನಮ್ಮ ಬೀದಿಯ ಕರಪತ್ರವಾದರೂ ನಿಜ ಹೇಳೀತು.

ನೀವು ಓದುವ ಹುಡುಗರು, ನಾವು ಅಚ್ಚು ಹಾಕುವವರು. ಇನ್ನು ಮೇಲೆ ಕರಪತ್ರ ಕೈಗೆ ಬಂದರೆ ತಲೆಬರಹ ಆಮೇಲೆ ಓದಿ. ಮೊದಲು ಕಟ್ಟಕಡೆಯ ಸಾಲು ಓದಿ. ಓದಲಾಗದಿದ್ದರೆ ಅಂಗಡಿಯವನ ಮುಂದೆ ಹಿಡಿದು, ‘ಇದನ್ನು ಕನ್ನಡದಲ್ಲಿ ಓದಿ ಹೇಳಿ’ ಎಂದು ಕೇಳಿ. ಜೋರಾಗಿ ಕೇಳಿ, ಹಿಂದೆ ನಿಂತವರಿಗೂ ಕೇಳಿಸಲಿ.